ಒದ್ದೆ ಕಂಬಳಿ, ಥಂಡಿ ಪೆಟ್ರೋಲು

ಅವನು ಸತ್ತ ದಿನ ನಾನು ಅಳಲಿಲ್ಲ. ವಯಸ್ಸು ಎಪ್ಪತ್ತು ದಾಟಿತ್ತು. ಸಂಜೆ ರೊಟ್ಟಿ, ಬದನೆಕಾಯಿ ಪಲ್ಯ ಉಂಡು, ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ಹೆಂಡತಿಯ ಕೂಡ ಜಗಳಾಡಿ ಮಲಗಿದವನು ಬೆಳಗಾದಾಗ ಏಳಲಿಲ್ಲ. ಇಂಥ ಸಾವು ಬೇಡಿದರೂ ಎಲ್ಲರಿಗೆ ಸಿಗುವುದಿಲ್ಲ. ಅವನಿಗೆ ಸಿಕ್ಕಿತು, ಒಳ್ಳೆಯದಾಯಿತು. ಅಳುವುದಕ್ಕೆ ಬೇರೆ ಜನ ಇದ್ದರು. ನಾನು ಬಂದವರಿಗೆ ಚಹಾ ಮಾಡಿ ಕೊಟ್ಟೆ. ಚಹಾ ಕುಡಿಯುತ್ತ ಜನ ಅವನ ಮಾತು ತೆಗೆದರು, ಮಾತು ತೆಗೆದವರೇ ನಗತೊಡಗಿದರು. ಒಳಗೆ ಹೆಣ ಇದೆ ಎಂದು ನಾನು ಗದರಿಸಿದೆ. ಗದರಿಸಿ ಆ ಕಡೆ ತಿರುಗಿ ನಾನೂ ನಕ್ಕೆ.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ಅವನ ಹೆಂಡತಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ‘ಮತ್ತ ಏನೇನ್ ಬರದೀರಿ, ಓದ್ರಿ’ ಅನ್ನುತ್ತಾಳೆ. ಕಲ್ಲೋಳಿಯ ಹುಡುಗರೆಲ್ಲ ಅವನನ್ನು ಪೆಟ್ರೋಲ್ ಕಾಕಾ ಅನ್ನುತ್ತಿದ್ದರು, ಅಷ್ಟು ಸಾಕು. ನನ್ನ ಮೊಮ್ಮಗಳನ್ನು ದೊಡ್ಡ ಬೈಕ್ ರೇಸಿಗೆ ತಯಾರು ಮಾಡಿದವನು ಅವನೇ. ಅವಳು ಗೆದ್ದದ್ದನ್ನು ಎಲ್ಲರ ಎದುರು ಕಳೆದವನೂ ಅವನೇ. ಆ ಕಥೆ ಹೇಳಬೇಕು, ಆದರೆ ಮೊದಲು ಅವನು ಎಂಥವನು ಎಂದು ಹೇಳದಿದ್ದರೆ ನೀವು ಅವನನ್ನು ಸುಮ್ಮನೆ ಹುಚ್ಚ ಅನ್ನುತ್ತೀರಿ. ನಾನೂ ಅಂದಿದ್ದೆ.

ಮೂಡಲಗಿ ರಸ್ತೆಗೆ, ನಮ್ಮ ಮನೆಯ ಬಾಜೂದಲ್ಲೇ ಅವನ ಗ್ಯಾರೇಜು. ನನ್ನ ಗಂಡನ ಗೆಳೆಯ, ವಯಸ್ಸಿನಲ್ಲಿ ಸಣ್ಣವನು, ಅದಕ್ಕೆ ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ. ಕುರಿ ಕಾಯುವ ಮನೆತನ. ಅವರಪ್ಪ ಹಿಂಡಿನ ಹಿಂದೆ ನಡೆದು ನಡೆದೇ ಮುದುಕನಾದ. ಇವನು ಹರೆಯದಲ್ಲಿ ಗೋಕಾಕದಲ್ಲಿ ಯಾರದೋ ಮೋಟರ್ ಸೈಕಲ್ ಬಿಚ್ಚಿ ಜೋಡಿಸುವುದನ್ನು ನೋಡಿದ, ಕುರಿಗಳನ್ನು ತಮ್ಮನ ಕೈಗೆ ಕೊಟ್ಟ.

‘ಕುರಿಗಿಂತ ಗಾಡಿ ಚಲೋರಿ ವೈನಿ,’ ಅನ್ನುತ್ತಿದ್ದ. ‘ಬಂದ್ ಮಾಡಿದರ ನಿಂತಲ್ಲೇ ನಿಂದರತೈತಿ. ಮಂದಿ ಹೊಲಕ್ಕ ಹೋಗಿ ಮೇಯಂಗಿಲ್ಲ.’

ಕಿವಿಯ ಮೇಲೆ ಯಾವಾಗಲೂ ಒಂದು ಬೀಡಿ ಇರುತ್ತಿತ್ತು. ಅದನ್ನು ಹಚ್ಚಿದ್ದನ್ನು ನಾನು ಕಾಣೆ. ಪೆಟ್ರೋಲಿನ ನಡುವೆ ಕೂತು ಬೀಡಿ ಹಚ್ಚುವಷ್ಟು ದಡ್ಡನಲ್ಲ, ಬೀಡಿ ಬಿಡುವಷ್ಟು ಶಾಣ್ಯಾನೂ ಅಲ್ಲ. ಇನ್ನು ಮೂಗಿನ ಬಗ್ಗೆ ಅವನಿಗೆ ಬಲು ಸೊಕ್ಕು. ಗಾಡಿಯ ಪೆಟ್ರೋಲ್ ಟಾಕಿಯ ಬೂಚು ತೆಗೆದು ಮೂಸಿದರೆ ಏನು ಬೆರೆತಿದೆ ಎಂದು ಹೇಳುತ್ತೇನೆ ಅನ್ನುತ್ತಿದ್ದ. ಒಮ್ಮೆ ಮಮದಾಪುರದವನೊಬ್ಬನ ಗಾಡಿ ಮೂಸಿ, ಇದರಲ್ಲಿ ಸೀಮೆಎಣ್ಣೆ ಇದೆ ಎಂದು ಕೂಗಾಡಿ, ಆ ಮನುಷ್ಯನನ್ನು ನಾಲ್ಕು ಜನರ ಎದುರು ಕಳ್ಳ ಅನ್ನಿಸಿದ. ಆಮೇಲೆ ನೋಡಿದರೆ ಸೀಮೆಎಣ್ಣೆ ಇದ್ದದ್ದು ಅವನ ಬೆರಳಿಗೇ. ಆಗಷ್ಟೇ ಚೈನು ತೊಳೆದು ಬಂದಿದ್ದ. ಬೇರೆ ಯಾರಾದರೂ ಮುಚ್ಚಿಡುತ್ತಿದ್ದರು. ಇವನು ಅದೇ ಬೆರಳನ್ನು ಆ ಮನುಷ್ಯನ ಮೂಗಿಗೆ ಹಿಡಿದು, ‘ಮೂಸ್ರಿ, ಕಳ್ಳ ಸಿಕ್ಕ,’ ಅಂದ. ಆ ಮನುಷ್ಯ ಆವತ್ತಿನಿಂದ ಬೇರೆ ಗ್ಯಾರೇಜಿಗೆ ಹೋಗಲಿಲ್ಲ.

ಕಂಬಳಿಯ ಮಾತು ಈಗಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ಅವರಪ್ಪ ಹೊದ್ದ ಕರಿ ಕಂಬಳಿ ಗ್ಯಾರೇಜಿನಲ್ಲಿತ್ತು. ಕುರಿಯವರು ಬಿಸಿಲಿನಲ್ಲಿ ನೀರಿನ ಕ್ಯಾನಿಗೆ ಕಂಬಳಿ ಸುತ್ತಿ, ಕಂಬಳಿಗೆ ನೀರು ಹೊಡೆದು ಗಾಳಿಗೆ ಇಡುತ್ತಾರೆ. ಒಳಗಿನ ನೀರು ಹಲ್ಲು ಜುಂ ಅನ್ನುವಷ್ಟು ತಣ್ಣಗಾಗುತ್ತದೆ. ಇವನು ಅದೇ ಕಂಬಳಿಯೊಳಗೆ ನೀರಿನ ಕ್ಯಾನನ್ನೂ ಪೆಟ್ರೋಲ್ ಕ್ಯಾನನ್ನೂ ಜೋಡಿಯಾಗಿ ಇಡುತ್ತಿದ್ದ. ಬಿಸಿಲಿಗೆ ಪೆಟ್ರೋಲು ಹಾರಿಹೋಗುತ್ತದೆ, ಹಾಲಿನ ಹಾಗೆ ಅದನ್ನು ತಣ್ಣಗಿಡಬೇಕು ಎಂಬುದು ಅವನ ನಂಬಿಕೆ. ನಾಗನೂರಿನಿಂದ ಬಂದ ಅವನ ಬೀಗರು ಒಮ್ಮೆ ಬಾಯಾರಿ ಕಂಬಳಿಯೊಳಗೆ ಕೈ ಹಾಕಿ, ತಪ್ಪು ಕ್ಯಾನು ಎತ್ತಿ ಬಾಯಿಗೆ ಹಿಡಿದರು. ಇವನು ಓಡಿಹೋಗಿ ಕಸಿದುಕೊಂಡ. ಬೀಗಿತ್ತಿ ಗಾಬರಿಯಾಗಿ ಕೇಳಿದರೆ, ‘ಏನೂ ಆಗಿಲ್ರಿ, ಇನ್ನೊಂದ್ ಗುಟುಕ ಕುಡದಿದ್ದರ ನಾಗನೂರತನಕ ಬಸ್ ಬೇಕಾಗತಿರಲಿಲ್ಲ,’ ಅಂದ.

ಗೋವಿನಜೋಳ ಕೊಯ್ದ ಮೇಲೆ ಮಮದಾಪುರದ ಕಡೆ ಖಾಲಿ ಹೊಲದಲ್ಲಿ ನಮ್ಮ ಹುಡುಗರು ಬೈಕ್ ಓಟ ಇಡುತ್ತಿದ್ದರು. ಪಂಚ ಇವನೇ. ಎಲ್ಲರ ಟಾಕಿ ಖಾಲಿ ಮಾಡಿಸಿ, ಒಂದೇ ಕ್ಯಾನಿನಿಂದ ಎಲ್ಲರಿಗೂ ಒಂದೊಂದು ಬಾಟಲಿ ಹೊಯ್ಯುತ್ತಿದ್ದ. ಅದರಲ್ಲಿ ಏನನ್ನೂ ಬೆರೆಸುವಂತಿಲ್ಲ. ಬೆರೆಸುವವರು ಇದ್ದೇ ಇರುತ್ತಾರೆ. ಕರ್ಪೂರ ಹಾಕಿದರೆ ಓಡುತ್ತದೆ ಎಂದು ಒಬ್ಬ, ಬಟ್ಟೆಯಲ್ಲಿಡುವ ಡಾಂಬರು ಗುಳಿಗೆ ಹಾಕಿದರೆ ಹಾರುತ್ತದೆ ಎಂದು ಇನ್ನೊಬ್ಬ. ಸಿಕ್ಕಿಬಿದ್ದವರಿಗೆ ಇವನು ಇಟ್ಟ ದಂಡ ಒಂದೇ. ಸಂತೆಯ ದಿನ ಬಸ್ ಸ್ಟ್ಯಾಂಡಿನಿಂದ ಪೇಟೆಯೊಳಗೆ ಹಾದು ತಮ್ಮ ಮನೆಯತನಕ ಗಾಡಿ ನೂಕಬೇಕು. ಚಾಲೂ ಮಾಡುವಂತಿಲ್ಲ. ಜನ ಏನು ಬೇಕಾದರೂ ಅನ್ನಬಹುದು, ನೂಕುವವರು ಎದುರು ಮಾತಾಡುವಂತಿಲ್ಲ. ನಮ್ಮ ಊರಿನ ಜನಕ್ಕೆ ಇಂಥ ಅನುಕೂಲ ಮಾಡಿಕೊಟ್ಟರೆ ಬಿಡುತ್ತಾರೆಯೇ. ಕಾಯಿಪಲ್ಯ ಮಾರುವವರು ತಕ್ಕಡಿ ಕೆಳಗಿಟ್ಟು ಅನ್ನುತ್ತಿದ್ದರು.

ನನ್ನ ಮಗ ಸಿದ್ದಪ್ಪನ ಮಗಳು ಭಾಗ್ಯಾ ಮೂಡಲಗಿಯಲ್ಲಿ ಕಾಲೇಜು ಕಲಿಯುತ್ತಿದ್ದಾಗ ಆ ಓಟಕ್ಕೆ ನಿಂತಳು. ನಾನು ಬೇಡ ಅನ್ನಲಿಲ್ಲ, ಅಂದರೂ ಕೇಳುವವಳಲ್ಲ. ಅವಳು ಗೆದ್ದಳು. ಇವನು ಬಂದು ಟಾಕಿ ಮೂಸಿದ.

‘ಇದರಾಗ ಯಾರದೋ ಸೀರಿ ಟ್ರಂಕ್ ಐತಿ,’ ಅಂದ.

ಆ ಟ್ರಂಕು ನನ್ನದೇ. ಸೀರೆಗೆ ಇಟ್ಟ ಗುಳಿಗೆ ಕಾಣೆಯಾಗಿ, ಇಲಿ ತಿಂದವು, ತಿಂದು ಸಾಯಲಿ ಎಂದು ನಾನು ಸುಮ್ಮನಿದ್ದೆ. ಈ ವಿದ್ಯೆ ಯಾರು ಕಲಿಸಿದರು ಎಂದು ಎಷ್ಟು ಕೇಳಿದರೂ ಭಾಗ್ಯಾ ಬಾಯಿ ಬಿಡಲಿಲ್ಲ. ದಂಡ ಅವಳಿಗೇ ಬಿತ್ತು. ನಾನು ಗ್ಯಾರೇಜಿಗೆ ಹೋಗಿ ಅವನ ಮೇಲೆ ಹರಿಹಾಯ್ದೆ.

‘ಹೆಣ್ಣಹುಡುಗಿನ್ನ ಪ್ಯಾಟ್ಯಾಗ ಗಾಡಿ ನೂಕಸ್ತಿಯೇನೋ? ಮಾನಾ ಮರ್ಯಾದಿ ಐತೇನ್ ನಿನಗ?’

‘ಓಡಸೂಮುಂದ ಆಕಿ ಹೆಣ್ಣು, ಗಂಡು ಅನಲಿಲ್ರಿ ವೈನಿ,’ ಅಂದ, ತಲೆ ಎತ್ತದೆ ನಟ್ಟು ಬಿಗಿಯುತ್ತ. ‘ನೂಕೂಮುಂದ ನಾ ಹ್ಯಾಂಗ ಅನ್ಲಿ?’

ಆ ಸಂತೆಯ ದಿನ ನಾನು ಭಾಗ್ಯಾಳ ಜೊತೆಗೇ ನಡೆದೆ. ಅವಳು ಎದುರು ಮಾತಾಡುವಂತಿರಲಿಲ್ಲ, ನನಗೆ ಅಂಥ ಕಟ್ಟು ಇರಲಿಲ್ಲ. ಒಬ್ಬೊಬ್ಬರಿಗೂ ಅವರವರ ಮನೆಯ ಕಥೆ ತೆಗೆದು ಹೇಳಿ ಬಂದೆ. ಮನೆ ಮುಟ್ಟುವಷ್ಟರಲ್ಲಿ ಹುಡುಗಿ ನಗುತ್ತಿದ್ದಳು. ಮರುದಿನ ಹೋಗಿ ಅವನ ಗ್ಯಾರೇಜಿನಲ್ಲಿ ಕೂತಳು, ಮುಂದೆ ಕೆಲವು ವರ್ಷ ಅಲ್ಲಿಂದ ಏಳಲಿಲ್ಲ.

ಮಣ್ಣಿನ ಮೇಲೆ ಓಡಿಸುವ ದೊಡ್ಡ ರೇಸುಗಳು ದೇಶದಲ್ಲಿ ಅಲ್ಲಲ್ಲಿ ನಡೆಯುತ್ತವಂತೆ. ಕೊಲ್ಲಾಪುರ ಕಡೆಯ ಒಂದು ತಂಡ ಭಾಗ್ಯಾಳನ್ನು ಕರೆಯಿತು. ಕಾಕಾ ಬಂದರೆ ನಾನು ಬರುತ್ತೇನೆ ಅಂದಳು. ಹೀಗೆ ಅರವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಬೀಡಿ, ಬಗಲಲ್ಲಿ ಕಂಬಳಿ, ಊರೂರು ತಿರುಗಿದ. ಆ ವರ್ಷದ ಕೊನೆಯ ರೇಸು ನಮ್ಮ ಹುಕ್ಕೇರಿಯ ಹತ್ತಿರದ ಬಯಲಿಗೇ ಬಂತು. ಶನಿವಾರ ಒಂದು ಓಟ, ರವಿವಾರ ಒಂದು. ಅವೆರಡರಲ್ಲಿ ಒಂದನ್ನಾದರೂ ಗೆಲ್ಲದಿದ್ದರೆ ಮುಂದಿನ ವರ್ಷ ಭಾಗ್ಯಾಳಿಗೆ ಜಾಗ ಇಲ್ಲ ಎಂದು ತಂಡದ ಮ್ಯಾನೇಜರ್ ಮೊದಲೇ ಹೇಳಿದ್ದ. ನಾನು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆ.

ಅಂಥ ಬಿಸಿಲು. ನೆಲ ಕಾದ ಹಂಚು. ಅಲ್ಲಿಯೂ ಪೆಟ್ರೋಲಿಗೆ ಕಟ್ಟುನಿಟ್ಟು, ನಮ್ಮ ಮಮದಾಪುರದ ಹೊಲದ ಹಾಗೇ. ಎಲ್ಲರೂ ಒಂದೇ ಶೆಡ್ಡಿನ ಬ್ಯಾರಲ್ಲಿನಿಂದ ತುಂಬಿಸಿಕೊಳ್ಳಬೇಕು, ಏನನ್ನೂ ಬೆರೆಸುವಂತಿಲ್ಲ. ಅದರ ಮೇಲೆ ನಮ್ಮಲ್ಲಿ ಇಲ್ಲದ ಇನ್ನೊಂದು ನಿಯಮ. ಪೆಟ್ರೋಲನ್ನು ತಣ್ಣಗೆ ಮಾಡುವಂತಿಲ್ಲ. ತಣ್ಣಗಿನ ಪೆಟ್ರೋಲು ಗಟ್ಟಿಯಾಗಿರುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ, ಎಂಜಿನ್ನಿಗೆ ದಮ್ಮು ಹೆಚ್ಚು ಎಂದು ಕೆಲವರು ಬರ್ಫಿನ ಗಡ್ಡೆಯ ನಡುವೆ ಇಡುತ್ತಿದ್ದರಂತೆ. ಅದಕ್ಕೆ ಹೊರಗಿನ ಗಾಳಿಗಿಂತ ಇಂತಿಷ್ಟು ಡಿಗ್ರಿಗಿಂತ ಹೆಚ್ಚು ತಣ್ಣಗಿದ್ದರೆ ತಪ್ಪು. ಬರ್ಫು ಬೇಡ ಎಂದು ಮ್ಯಾನೇಜರ್ ಹೇಳಿದ್ದು ಇವನಿಗೆ ಗೊತ್ತಿತ್ತು. ಬರ್ಫನ್ನು ಇವನು ಮುಟ್ಟಲೂ ಇಲ್ಲ. ಕಂಬಳಿಯ ಹೆಸರನ್ನು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷ ದಿನಾ ಮಾಡಿದ ಕೆಲಸ, ಅವನ ಕೈ ತಾನೇ ಮಾಡಿತು. ಪೆಟ್ರೋಲ್ ಕ್ಯಾನಿಗೆ ಕಂಬಳಿ ಸುತ್ತಿ, ನೀರು ಹೊಡೆದು, ಗಾಳಿಗೆ ಇಟ್ಟ.

ಓಟಕ್ಕೆ ಮುಂಚೆ ಒಬ್ಬ ಅಧಿಕಾರಿ ಹೆಣ್ಣುಮಗಳು ಒಂದಿಷ್ಟು ಗಾಡಿಗಳ ಟಾಕಿಗೆ ಉಷ್ಣ ನೋಡುವ ಕಡ್ಡಿ ಇಳಿಸಿ, ಬರೆದುಕೊಂಡು ಹೋದಳು. ಜ್ವರ ನೋಡುತ್ತಾರೇನೋ ಅಂದುಕೊಂಡೆ. ಆಮೇಲೆ ಧೂಳು. ಧೂಳಿನೊಳಗೆ ಯಾವುದು ಭಾಗ್ಯಾ, ಯಾವುದು ಇನ್ನೊಂದು, ನನಗೆ ತಿಳಿಯಲಿಲ್ಲ. ಪೆಟ್ರೋಲ್ ಕಾಕಾ ನನ್ನ ತೋಳು ಹಿಡಿದು, ‘ಮುಂದ ಅದಾಳ್ರಿ ವೈನಿ, ಇನ್ನೂ ಮುಂದ ಅದಾಳ,’ ಅನ್ನುತ್ತಲೇ ಇದ್ದ. ಮುಗಿದಾಗಲೂ ಮುಂದೆ ಇದ್ದಳು. ಇವನು ಕುಣಿದ. ಕುರಿಯವರು ಡೊಳ್ಳಿಗೆ ಕುಣಿಯುವ ಹಾಗೆ, ಡೊಳ್ಳಿಲ್ಲದೆ. ಕಿವಿಯ ಬೀಡಿ ಎಲ್ಲೋ ಬಿತ್ತು.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಓಡುತ್ತ ಬಂದ. ಭಾಗ್ಯಾಳ ಪೆಟ್ರೋಲು ತಣ್ಣಗಿದೆ, ವಿಚಾರಣೆ ಇದೆ ಅಂದ. ಶೆಡ್ಡಿನಿಂದಲೇ ತಣ್ಣಗೆ ಬಂದಿದ್ದರೆ ನಮ್ಮ ತಪ್ಪಲ್ಲ, ಗೆಲುವು ಉಳಿಯುತ್ತದೆ. ನಾವೇ ತಣ್ಣಗೆ ಮಾಡಿದ್ದರೆ ಗೆಲುವು ಹೋಗುತ್ತದೆ, ನಾಳೆಯ ಓಟಕ್ಕೆ ಎಲ್ಲರ ಹಿಂದೆ ನಿಲ್ಲಬೇಕು. ಹೇಳುತ್ತ ಹೇಳುತ್ತ ಅವನ ಕಣ್ಣು ಕಂಬಳಿಯ ಮೇಲೆ ಬಿತ್ತು. ಅದು ಇನ್ನೂ ತೊಟ್ಟಿಕ್ಕುತ್ತಿತ್ತು.

‘ಇದೇನ್ ಕಾಕಾ?’

‘ಕಂಬಳಿ,’ ಅಂದ ಇವನು. ಅವನ ಮುಖ ನೋಡಿದೆ. ಬೆರಳಿನ ಸೀಮೆಎಣ್ಣೆ ಮೂಸಿದ ದಿನ ಇದ್ದ ಮುಖ.

ಮ್ಯಾನೇಜರ್ ಕಂಬಳಿ ಮಡಚಿ ಖುರ್ಚಿಯ ಮೇಲೆ ಹಾಕಿದ. ‘ಆಜಿ, ನೀವು ಇದರ ಮ್ಯಾಲ ಕುಂದರ್ರಿ. ಏಳಬ್ಯಾಡ್ರಿ. ಉಳದದ್ದು ನಾ ನೋಡ್ಕೋತೀನಿ.’

ನಾನು ಕೂತೆ. ಸುಳ್ಳು ಹೇಳುವುದಿಲ್ಲ, ಖುಷಿಯಿಂದಲೇ ಕೂತೆ. ಮೊಮ್ಮಗಳು ಅಷ್ಟು ಧೂಳು ಕುಡಿದು ಗೆದ್ದದ್ದು, ಒಂದು ಕಂಬಳಿಗೆ ಯಾಕೆ ಕಳೆಯಬೇಕು. ಸೀರೆ ತೊಯ್ದು ಒಳಗಿನ ತನಕ ಥಂಡಿ ಏರಿತು. ಆ ಬಿಸಿಲಿನಲ್ಲಿ ಹಿತವಾಗಿಯೂ ಇತ್ತು. ಈ ನಡುವೆ ಇವನು ಎಲ್ಲಿ ಹೋದ ಎಂದು ನಾನು ನೋಡಲಿಲ್ಲ.

ಬಂದಾಗ ಅವನ ಹಿಂದೆ ಆ ಕಡ್ಡಿಯ ಹೆಣ್ಣುಮಗಳು ಇದ್ದಳು.

‘ಏಳ್ರಿ ವೈನಿ,’ ಅಂದ.

‘ಯಾಕ? ಕಾಲ ನೋಯ್ತಾವ ನನಗ.’

‘ಅಜ್ಜಿ, ಒಂದು ನಿಮಿಷ ಏಳ್ತೀರಾ?’ ಅಂದಳು ಅವಳು, ಬೆಂಗಳೂರು ಕಡೆಯ ಮಾತಿನಲ್ಲಿ.

‘ಮುದುಕಿನ್ನ ಎಬ್ಬಸಾಕ ನಿಮ್ಮ ರೂಲಿನ್ಯಾಗ ಐತೇನವಾ?’ ಅಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು.

ಇವನು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತ. ‘ವೈನಿ, ನಿಮ್ಮ ಮೊಮ್ಮಗಳನ್ನ ನಾ ಪ್ಯಾಟ್ಯಾಗ ಗಾಡಿ ನೂಕಿಸೀನಿ. ಎಷ್ಟ ಮಂದಿ ಹುಡುಗೂರನ್ನ ನೂಕಿಸೀನಿ. ಅವರೆಲ್ಲಾರೂ ಟ್ರಂಕಿನ ಮ್ಯಾಲ ತಮ್ಮ ಮುದುಕಿ ಆಯಿನ್ನ ಕುಂದ್ರಿಸಿದ್ದರ ನಾ ಏನ್ ಮಾಡತಿದ್ದೆ?’

‘ನೀ ಬೇಕಂತ ಮಾಡೀಯೇನು? ಗೊತ್ತಿಲ್ಲದ ಆತು.’

‘ಗೊತ್ತಿಲ್ಲದ ಮಾಡಿದರೂ ಪೆಟ್ರೋಲ್ ಥಂಡೀನ ಆಗೈತಿ.’

ನಾನು ಭಾಗ್ಯಾಳ ಕಡೆ ನೋಡಿದೆ. ಹೆಲ್ಮೆಟ್ಟು ಕೈಯಲ್ಲಿ, ಮುಖದ ತುಂಬ ಮಣ್ಣು, ಕಣ್ಣು ಮಾತ್ರ ಬಿಳಿ. ಅವಳು ಬೇಡ ಅಂದಿದ್ದರೆ ನಾನು ಏಳುತ್ತಿರಲಿಲ್ಲ, ಕ್ರೇನು ತಂದರೂ.

‘ಏಳ ಆಯೀ,’ ಅಂದಳು. ‘ಸೀರಿ ತೋದೈತಿ. ನೆಗಡಿ ಬರತೈತಿ.’

ಎದ್ದೆ. ಹಿಂದೆ ಸೀರೆಯೆಲ್ಲ ಕರಿ ಉಣ್ಣೆಯ ಬಣ್ಣ. ಆ ಹೆಣ್ಣುಮಗಳು ಕಂಬಳಿ ಮುಟ್ಟಿ ನೋಡಿದಳು, ಕೈ ಒರೆಸಿಕೊಂಡಳು, ಇಷ್ಟು ತಣ್ಣಗಾಗುತ್ತದೆಯೇ ಎಂದು ಕೇಳಿದಳು. ಆಮೇಲೆ ನಿಯಮದ ಪ್ರಕಾರ ಗೆಲುವು ರದ್ದು ಎಂದು ಬರೆದಳು. ತಪ್ಪು ನನ್ನದು, ದಂಡ ನನಗೆ ಹಾಕಿ, ಹುಡುಗಿಗೆ ಬೇಡ ಎಂದು ಇವನು ಕೇಳಿಕೊಂಡ. ಪೆಟ್ರೋಲು ಯಾರ ಟಾಕಿಯಲ್ಲಿತ್ತೋ ಅವರಿಗೇ ದಂಡ ಅಂದಳು. ಮ್ಯಾನೇಜರ್ ಇವನ ಕೂಡ ಮಾತು ಬಿಟ್ಟ. ನಾನೂ ಬಿಟ್ಟೆ. ಆ ಸಂಜೆ ಅವನಿಗೆ ರೊಟ್ಟಿ ಕೊಡಲಿಲ್ಲ. ಭಾಗ್ಯಾ ತನ್ನದರಲ್ಲಿ ಅರ್ಧ ಮುರಿದು ಕೊಟ್ಟಳು.

ರವಿವಾರ ಅವನನ್ನು ನೋಡಬೇಕಿತ್ತು. ಪೆಟ್ರೋಲ್ ಕ್ಯಾನನ್ನು ಬಯಲಲ್ಲಿ ಇಟ್ಟು, ಹೊಸ ಸೊಸೆಯ ಹಾಗೆ ದೂರ ಕೂತು, ಅದರ ಮೇಲೆ ತನ್ನ ನೆರಳೂ ಬೀಳದಂತೆ ಸರಿದು ಸರಿದು ಕೂರುತ್ತಿದ್ದ. ಕಡ್ಡಿಯ ಹೆಣ್ಣುಮಗಳು ತಾನಾಗಿ ಬಂದು ನೋಡಿ, ಇವತ್ತು ಸರಿ ಇದೆ ಅಂದಳು. ‘ಇನ್ನೊಮ್ಮೆ ನೋಡ್ರಿ ಮೇಡಂ, ಮೋಡ ಬಂದಿತ್ತು,’ ಅಂದ ಇವನು.

ಭಾಗ್ಯಾ ಎಲ್ಲರ ಹಿಂದೆ ನಿಂತಳು. ಹಿಂದೆ ನಿಂತದ್ದರಿಂದ ನನಗೆ ಒಂದು ಲಾಭವಾಯಿತು, ಅವಳು ಯಾರೆಂದು ಗೊತ್ತಾಯಿತು. ಒಬ್ಬೊಬ್ಬರನ್ನೇ ದಾಟುವುದನ್ನು ಕಣ್ಣಾರೆ ಕಂಡೆ. ಒಳಬದಿಯಿಂದ ಒಬ್ಬನನ್ನು, ಹೊರಬದಿಯಿಂದ ಇನ್ನೊಬ್ಬನನ್ನು, ಒಂದು ತಿರುವಿನಲ್ಲಿ ಇಬ್ಬರನ್ನು ಒಟ್ಟಿಗೆ. ಅಷ್ಟರಲ್ಲಿ ನಾನು ಮಾತು ಬಿಟ್ಟವನ ಭುಜ ಹಿಡಿದು ಅಲ್ಲಾಡಿಸುತ್ತಿದ್ದೆ. ಕೊನೆಗೆ ಒಬ್ಬ ಮುಂದೆ ಉಳಿದ. ಅವನನ್ನು ದಾಟಲಾಗಲಿಲ್ಲ. ಎರಡನೆಯವಳಾಗಿ ಬಂದಳು.

ಗೆಲ್ಲಲಿಲ್ಲ, ಹಾಗಾಗಿ ಜಾಗ ಹೋಯಿತು ಎಂದು ನಾವು ಗಂಟು ಕಟ್ಟುತ್ತಿದ್ದೆವು. ಮ್ಯಾನೇಜರ್ ಬಂದು ಬಹಳ ಹೊತ್ತು ಟೈರು ನೋಡಿದ. ಆಮೇಲೆ ಭಾಗ್ಯಾಳಿಗೆ ಹೇಳಿದ, ‘ಹಿಂದಿನಿಂದ ಇಷ್ಟ್ ಮುಂದ ಬರಾವರನ್ನ ನಾ ಬಿಟ್ಟರ ಬ್ಯಾರೆ ತಂಡದವರು ಒಯ್ತಾರ. ಮುಂದಿನ ವರ್ಷ ಬಾ.’ ಇವನ ಕಡೆ ತಿರುಗಿ, ‘ಕಾಕಾ, ನೀವೂ ಬರ್ರಿ. ಕಂಬಳಿ ಮನ್ಯಾಗ ಬಿಡ್ರಿ,’ ಅಂದ.

ಸಂತೆಯ ದಿನ ಅವನು ತನ್ನ ಸ್ವಂತ ಹಳೆಯ ಗಾಡಿಯನ್ನು ಬಸ್ ಸ್ಟ್ಯಾಂಡಿಗೆ ಒಯ್ದು, ಅಲ್ಲಿ ಬಂದ್ ಮಾಡಿ, ಪೇಟೆಯೊಳಗೆ ನೂಕಿಕೊಂಡು ಬಂದ. ಹೆಗಲ ಮೇಲೆ ಅದೇ ಕಂಬಳಿ. ಅವನು ನೂಕಿಸಿದ್ದ ಹುಡುಗರೆಲ್ಲ ಎರಡೂ ಬದಿಗೆ ನಿಂತಿದ್ದರು. ಎಷ್ಟೋ ವರ್ಷದ ಬಾಕಿ.

‘ಕಾಕಾ, ಪೆಟ್ರೋಲಿಗೆ ನೆಗಡಿ ಆಗೈತೇನ್ರಿ?’

‘ಮಫ್ಲರ್ ಹಾಕ್ರಿ ಅದಕ್ಕ.’

‘ಕಾಕಾ, ಗಾಡಿಗೆ ಒಂದ್ ಕಷಾಯ ಕುಡಸ್ರಿ.’

ಅವನು ತುಟಿ ಎರಡು ಮಾಡಲಿಲ್ಲ. ಆದರೆ ನಗುವಂತಿಲ್ಲ ಎಂದು ನಿಯಮದಲ್ಲಿ ಇರಲಿಲ್ಲ, ಗಾಡಿಯ ಮೇಲೆ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾರೂ ಹಾಕದ ದಂಡವನ್ನು ಅಷ್ಟು ಖುಷಿಯಿಂದ ತೆತ್ತವನನ್ನು ನಾನು ಬೇರೆ ಕಂಡಿಲ್ಲ. ಅವನು ನಮ್ಮ ಮನೆಯ ಮುಂದೆ ಬಂದಾಗ ನಾನು ಒಂದು ಚೆಂಬು ಮಜ್ಜಿಗೆ ಕೊಟ್ಟೆ. ‘ಥಂಡಿ ಐತೇನ್ ನೋಡ್ಕೊಂಡ ಕುಡಿ,’ ಅಂದೆ. ಹಾಗೆ ಮಾತು ಮತ್ತೆ ಶುರುವಾಯಿತು.

ಮೊನ್ನೆ ಮಣ್ಣಿಗೆ ಒಯ್ಯುವಾಗ ಅದೇ ಕಂಬಳಿ ಹೊದಿಸಿದರು. ಹೆಣದ ಹಿಂದೆ ಅವನು ನೂಕಿಸಿದ್ದ ಆ ಹುಡುಗರು, ಈಗ ಎಲ್ಲರಿಗೂ ಮಕ್ಕಳಿದ್ದಾರೆ, ತಮ್ಮ ತಮ್ಮ ಗಾಡಿ ಬಂದ್ ಮಾಡಿ ನೂಕುತ್ತ ಬಂದರು. ಭಾಗ್ಯಾಳೂ ನೂಕಿದಳು, ರೇಸಿನಿಂದ ಓಡಿಬಂದವಳು. ನನ್ನ ಮಗ ಸಿದ್ದಪ್ಪನೂ. ಬಿಸಿಲು ಏರಿತ್ತು. ಚಾಲೂ ಮಾಡಿರೋ ಅಂದರೆ ಒಬ್ಬನೂ ಕೇಳಲಿಲ್ಲ. ಸತ್ತ ಮೇಲೂ ನೂಕಿಸುತ್ತಾನಲ್ಲ ಅಂದುಕೊಂಡೆ.

ಮಣ್ಣು ಕೊಟ್ಟು ತಿರುಗಿ ಹೊರಟಾಗ ಎಲ್ಲರೂ ಒಮ್ಮೆಲೇ ಗಾಡಿ ಚಾಲೂ ಮಾಡಿದರು. ಹೊಗೆ ಎದ್ದಿತು. ಆ ಹೊಗೆಯೊಳಗೆ ನನಗೆ ನನ್ನ ಸೀರೆಯ ಟ್ರಂಕಿನ ವಾಸನೆ ಬಂತು. ಒಂದೊಂದೇ ಗಾಡಿಯ ಹಿಂದೆ ಹೋಗಿ ಮೂಸಿದೆ. ನನ್ನ ಮಗನ ಗಾಡಿಯ ಹಿಂದೆ ನಿಂತೆ.

‘ಸಿದ್ದಪ್ಪಾ, ಟಾಕಿ ಬೂಚ ತಗಿ.’

‘ಯವ್ವಾ, ಅದು ಮೈಲೇಜ್ ಬರಲಿ ಅಂತ...’

‘ತಗಿ.’

ತೆಗೆದ. ನಾನು ಭಾಗ್ಯಾಳ ಕಡೆ ನೋಡಿದೆ, ಅವಳು ಬೇವಿನ ಮರದ ಕಡೆ ನೋಡಿದಳು. ಆ ಗುಳಿಗೆಯ ವಿದ್ಯೆ ಕಲಿಸಿದ್ದು ಯಾರು, ಅಷ್ಟು ವರ್ಷ ಅವಳು ಬಾಯಿ ಬಿಡದೇ ಇದ್ದದ್ದು ಯಾರ ಹೆಸರು ಎಂದು ಆಗ ತಿಳಿಯಿತು.

ಸಂತೆಯ ದಿನ, ಐವತ್ತು ದಾಟಿದ ನನ್ನ ಮಗ ಬಸ್ ಸ್ಟ್ಯಾಂಡಿನಿಂದ ಪೇಟೆಯೊಳಗೆ ಹಾದು ಮನೆಯತನಕ ಗಾಡಿ ನೂಕಿದ. ಜನ ಏನು ಅಂದರೂ ಎದುರು ಮಾತಾಡಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂದವಳು ನಾನೇ.